ಗುಳಿ ಮತ್ತು ಗುರಿ

ಗಾಲ್ಫ್ ಆಟದಲ್ಲಿ ಚೆಂಡು ಬೀಳಬೇಕಾದ ಗುಳಿಯ ವ್ಯಾಸ 4.25 ಅಂಗುಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಹಿರಿಯರು ಈ ಅಳತೆಯನ್ನು ಗೊತ್ತುಮಾಡಿದರು. ಅಂದಿನಿಂದ ಇಂದಿನವರೆಗೆ ಅದು ಎಳ್ಳಷ್ಟೂ ಹಿಗ್ಗಿಲ್ಲ, ಕುಗ್ಗಿಲ್ಲ. ಇಂಥ 18 ಗುಳಿಗಳನ್ನು ಸುಮಾರು ಮೂರೂವರೆ ಮೈಲಿಯ ಹಾದಿಯುದ್ದಕ್ಕೂ ಹರಡಿ, ಕೈಗೆ ಕೋಲು ಕೊಟ್ಟು, ಆದಷ್ಟು ಕಡಮೆ ಹೊಡೆತಗಳಲ್ಲಿ ಎಲ್ಲವನ್ನೂ ಮುಗಿಸಿ ಬಾ ಎನ್ನುತ್ತಾರೆ. ಕನ್ನಡದಲ್ಲಿ ಗುಳಿಗೂ ಗುರಿಗೂ ಒಂದೇ ಅಕ್ಷರದ ಅಂತರ. ಗುಳಿ ಎಲ್ಲಿದೆಯೆಂದು ದೂರದಿಂದ ಕಾಣಲೆಂದು ಅದರಲ್ಲಿ ಬಾವುಟವನ್ನು ನೆಟ್ಟಿರುತ್ತಾರೆ. ಗುರಿಯ ಬಾವುಟವನ್ನಾದರೋ ಆಟಗಾರನೇ ನೆಟ್ಟುಕೊಳ್ಳಬೇಕು. ಹವ್ಯಾಸಕ್ಕಾಗಿ ಆಡುವ ನಮ್ಮಂಥವರು ಅದನ್ನು ಎಷ್ಟು ದೂರದಲ್ಲಿ ನೆಡಬೇಕು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಕನ್ನಡ ಮೇಷ್ಟರಿಗೂ ಗಾಲ್ಫಿಗೂ ಎಲ್ಲಿಯ ನಂಟು ಎಂದು ಕೇಳುಗರಲ್ಲಿ ಕೆಲವರು ಹುಬ್ಬೇರಿಸಬಹುದು. ನಂಟು ತೀರ ಈಚಿನದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದೆಯೇ ಹುಟ್ಟಿತಾದರೂ ನಮ್ಮ ನಾಡಿನಲ್ಲಿ ಬಹುಕಾಲ ಇದು ದೊರೆಗಳ ಮತ್ತು ದಂಡಿನ ಅಧಿಕಾರಿಗಳ ಆಟವಾಗಿಯೇ ಉಳಿಯಿತು. ಈಗ ಬೆಳಗಿನ ಆರು ಗಂಟೆಗೆ ಮೈದಾನದಲ್ಲಿ ಕಾಣಸಿಗುವವರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಇಂಜಿನಿಯರುಗಳಿದ್ದಾರೆ. ಅವರ ನಡುವೆ ಒಬ್ಬಿಬ್ಬರು ಮೇಷ್ಟರೂ ಇದ್ದೇವೆ. ದಿನವೂ ನಡೆಯಿರಿ ಎಂದು ವೈದ್ಯರು ಹೇಳಿದರು. ಸುಮ್ಮನೆ ನಡೆಯುವುದು ಬೇಸರವೆಂದು ಗೆಳೆಯರು ಕೈಗೆ ಕೋಲು ಕೊಟ್ಟರು. ದುಬಾರಿಯ ಆಟವೆಂಬುದು ನಿಜ. ಆದರೆ ಎರವಲು ಕೋಲಿನಿಂದಲೂ ಚೆಂಡು ಅಷ್ಟೇ ದೂರ ಹೋಗುತ್ತದೆ, ಅಷ್ಟೇ ಸುಲಭವಾಗಿ ಪೊದೆಯನ್ನೂ ಸೇರುತ್ತದೆ.

ಹಣಕ್ಕಾಗಿ ಆಡದವನನ್ನು ಇಂಗ್ಲಿಷಿನಲ್ಲಿ ಅಮೆಚೂರ್ ಎನ್ನುತ್ತಾರೆ. ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದ ಆ ಪದಕ್ಕೆ ಮೂಲದಲ್ಲಿ ಪ್ರೀತಿಸುವವನು ಎಂಬ ಅರ್ಥ. ನಾವು ಅವನನ್ನು ಹವ್ಯಾಸಿ ಎಂದು ಕರೆದುಕೊಂಡಿದ್ದೇವೆ. ಹವ್ಯಾಸವೆಂಬ ಮಾತು ನೆರೆಯ ಮರಾಠಿಯಲ್ಲಿಯೂ ಉಂಟು. ಅಲ್ಲಿ ಅದಕ್ಕೆ ಅತಿಯಾಸೆ, ತಣಿಯದ ಹಂಬಲ ಎಂದರ್ಥ. ಗಾಲ್ಫ್ ಕಲಿಯುವವನು ಯಾವ ಗಳಿಗೆಯಲ್ಲಿ ಕನ್ನಡದ ಹವ್ಯಾಸದಿಂದ ಮರಾಠಿಯ ಹವ್ಯಾಸಕ್ಕೆ ಗಡಿ ದಾಟುತ್ತಾನೆಂಬುದು ಅವನಿಗೇ ತಿಳಿಯುವುದಿಲ್ಲ.

ನನ್ನ ಮಿತ್ರರೊಬ್ಬರು ಹಾಗೆ ದಾಟಿದರು. ಅರುವತ್ತು ತುಂಬಿದ ಮೇಲೆ ಆಟ ಹಿಡಿದವರು, ಎರಡು ವರ್ಷಗಳಲ್ಲಿ 72 ಹೊಡೆತಗಳಲ್ಲಿ ಸುತ್ತು ಮುಗಿಸುತ್ತೇನೆಂದು ಪಣ ತೊಟ್ಟು ಆ ಅಂಕಿಯನ್ನು ಓದುವ ಕೋಣೆಯ ಗೋಡೆಗೆ ಅಂಟಿಸಿದರು. ಬೆಳಗ್ಗೆ ನೂರು ಚೆಂಡು, ಸಂಜೆ ನೂರು ಚೆಂಡು. ಎಂಟು ತಿಂಗಳಲ್ಲಿ ಸೊಂಟ ಹಿಡಿಯಿತು. ಅದಕ್ಕೆ ಮೊದಲೇ ಮುಖದ ನಗೆ ಮಾಯವಾಗಿತ್ತು. ಅಷ್ಟು ಹೊತ್ತಿಗೆ ಅವರು 118ರಿಂದ 103ಕ್ಕೆ ಇಳಿದಿದ್ದರು. ಆ ವಯಸ್ಸಿನಲ್ಲಿ, ಅಷ್ಟು ಅಲ್ಪಕಾಲದಲ್ಲಿ, ಅದು ಸಣ್ಣ ಸಾಧನೆಯೇನಲ್ಲ. ಆದರೆ ಗೋಡೆಯ ಮೇಲಿನ 72ರ ಪಕ್ಕದಲ್ಲಿ 103 ಅವರ ಕಣ್ಣಿಗೆ ಬರಿಯ ಸೋಲಾಗಿ ಕಂಡಿತು. ಕೋಲುಗಳನ್ನು ಮಾರಿಬಿಟ್ಟರು. ಈಗ ಬೆಳಗಿನ ತಿರುಗಾಟಕ್ಕೂ ಅವರು ಮೈದಾನದ ಪಕ್ಕದ ರಸ್ತೆಯನ್ನು ಹಿಡಿಯುವುದಿಲ್ಲ. ಸಂತೋಷ ಕೊಡುತ್ತಿದ್ದ ವಸ್ತುವೊಂದನ್ನು ಮನುಷ್ಯನ ಕೈಯಿಂದ ಒಂದು ಅಂಕಿ ಕಸಿದುಕೊಂಡು ಹೋಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ. ಆ ಅಂಕಿ ಎಲ್ಲಿಂದ ಬಂದಿತು ಎಂಬುದನ್ನು ತುಸು ವಿಚಾರಿಸುವುದು ಒಳ್ಳೆಯದು.

ಅದರ ಹೆಸರು ಪಾರ್. ಷೇರುಪೇಟೆಯಿಂದ ಎರವಲು ತಂದ ಮಾತು. 1870ರಲ್ಲಿ ಪ್ರೆಸ್ಟ್‌ವಿಕ್ ಎಂಬಲ್ಲಿ ಓಪನ್ ಪಂದ್ಯಾವಳಿ ನಡೆಯುವುದಕ್ಕೆ ಮೊದಲು, ಎ. ಎಚ್. ಡೋಲ್ಮನ್ ಎಂಬ ಬರೆಹಗಾರನು ಡೇವಿ ಸ್ಟ್ರಾತ್, ಜೇಮ್ಸ್ ಆಂಡರ್ಸನ್ ಎಂಬ ಇಬ್ಬರು ನುರಿತ ವೃತ್ತಿಗಾರರನ್ನು ಒಂದು ಪ್ರಶ್ನೆ ಕೇಳಿದ: ಒಂದೂ ತಪ್ಪಿಲ್ಲದೆ ಆಡಿದರೆ ಈ 12 ಗುಳಿಗಳಿಗೆ ಎಷ್ಟು ಹೊಡೆತಗಳು ಬೇಕು? 49 ಎಂದು ಅವರು ಉತ್ತರಿಸಿದರು. ಅದನ್ನೇ ಡೋಲ್ಮನ್ ಪಾರ್ ಎಂದು ಕರೆದ. ಆ ವರ್ಷ ಕಿರಿಯ ಟಾಮ್ ಮಾರಿಸ್ ಎಂಬ 19ರ ತರುಣ 12 ಹೊಡೆತಗಳ ಅಂತರದಿಂದ ಗೆದ್ದು ಜನರನ್ನು ಬೆರಗುಗೊಳಿಸಿದ. ಮೂರು ಸುತ್ತುಗಳಿಗೆ ಅವನ ಮೊತ್ತ 149. ಪಾರ್ ಲೆಕ್ಕದಲ್ಲಿ 147 ಆಗಬೇಕಿತ್ತು. ಕಾಲದ ಅತ್ಯುತ್ತಮ ಆಟಗಾರನು ತನ್ನ ಅತ್ಯುತ್ತಮ ಗೆಲುವಿನಲ್ಲಿಯೂ ಎರಡು ಹೊಡೆತ ಹಿಂದೆ ಬಿದ್ದ ಅಳತೆಯಿದು. ಮೂರು ದಶಕಗಳ ಕಾಲ ಉತ್ತರಪತ್ರಿಕೆಗಳನ್ನು ತಿದ್ದಿದ ನನ್ನ ಭಾಷೆಯಲ್ಲಿ ಹೇಳುವುದಾದರೆ, ಪಾರ್ ಎಂದರೆ ಕನ್ನಡ ಪತ್ರಿಕೆಯಲ್ಲಿ ನೂರಕ್ಕೆ ನೂರು. ನಾನಂತೂ ಯಾರಿಗೂ ಕೊಟ್ಟವನಲ್ಲ.

ಇದಕ್ಕಿಂತ ಕರುಣೆಯುಳ್ಳ ಇನ್ನೊಂದು ಅಳತೆ ಇಪ್ಪತ್ತು ವರ್ಷಗಳ ಅನಂತರ ಇಂಗ್ಲೆಂಡಿನಲ್ಲಿ ಹುಟ್ಟಿತು. 1890ರಲ್ಲಿ ಕಾವೆಂಟ್ರಿಯ ಹ್ಯೂ ರಾದರ್ಹ್ಯಾಮ್ ಎಂಬಾತ, ಒಳ್ಳೆಯ ಹವ್ಯಾಸಿಯೊಬ್ಬನು ಪ್ರತಿ ಗುಳಿಗೂ ತೆಗೆದುಕೊಳ್ಳಬಹುದಾದ ಹೊಡೆತಗಳನ್ನು ಮೊದಲೇ ಗೊತ್ತುಮಾಡಿ, ಸದಸ್ಯರೆಲ್ಲ ಅದರ ವಿರುದ್ಧ ಆಡಲಿ ಎಂದು ಸೂಚಿಸಿದ. ಈ ಪದ್ಧತಿ ಗ್ರೇಟ್ ಯಾರ್ಮತ್ತಿಗೆ ಹೋಯಿತು. ಕಣ್ಣಿಗೆ ಕಾಣದ, ಆದರೆ ಎಂದೂ ಎಡವದ ಈ ಎದುರಾಳಿಯನ್ನು ಅಲ್ಲಿನವರು ಆಗ ಜನಪ್ರಿಯವಾಗಿದ್ದ ಹಾಡೊಂದನ್ನು ನೆನೆದು ಬೋಗಿ ಎಂದು ಕರೆದರು. ಬೋಗಿಮ್ಯಾನ್ ಎಂದರೆ ನಮ್ಮ ತಾಯಂದಿರು ಮಕ್ಕಳನ್ನು ಹೆದರಿಸಲು ಕರೆಯುವ ಗುಮ್ಮನೇ. ಪುರಂದರದಾಸರ ಬಾಲಕೃಷ್ಣನೂ ಅಂಜಿದ ಗುಮ್ಮ. ಅಲ್ಲಿಂದ ಅವನು ಸೈನ್ಯಾಧಿಕಾರಿಗಳ ಕ್ಲಬ್ಬೊಂದಕ್ಕೆ ಬಂದ. ಅಲ್ಲಿ ದರ್ಜೆಯಿಲ್ಲದವರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಗುಮ್ಮನಿಗೆ ಕರ್ನಲ್ ಪದವಿ ಕೊಟ್ಟರು. ನಮ್ಮ ತಲೆಮಾರಿನವರು 1957ರ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದಲ್ಲಿ ಸೆರೆಸಿಪಾಯಿಗಳು ಶಿಳ್ಳೆ ಹಾಕುತ್ತ ನಡೆಯುವುದನ್ನು ನೋಡಿದ್ದಾರೆ. 1914ರ ಆ ಧಾಟಿಯ ಹೆಸರು ‘ಕರ್ನಲ್ ಬೋಗಿ’. ಮುಂದೆ ಅಮೆರಿಕದವರು ಪಾರ್ ಲೆಕ್ಕವನ್ನು ಬಿಗಿಗೊಳಿಸಿದಾಗ ಕರ್ನಲ್ ಹಿಂದೆ ಬಿದ್ದ. ಬೋಗಿ ಎಂದರೆ ಪಾರ್‌ಗಿಂತ ಒಂದು ಹೆಚ್ಚು ಎಂದಾಗಿ, ಹೊಗಳಿಕೆಯ ಮಾತು ಇಂದು ನಿಟ್ಟುಸಿರಿನ ಮಾತಾಗಿದೆ. ನನ್ನ ಅಭಿಪ್ರಾಯದಲ್ಲಿ ಇದು ಆಟಕ್ಕೆ ಆದ ದೊಡ್ಡ ನಷ್ಟ. ಹವ್ಯಾಸಿ ಎದುರಿಸಬೇಕಾದವನು ಈ ಗುಮ್ಮನೇ.

ಲೆಕ್ಕವನ್ನೇ ನೋಡಿ. 18 ಗುಳಿಗಳಿಗೆ ಪಾರ್ 72. ಪ್ರತಿ ಗುಳಿಯಲ್ಲಿಯೂ ಬೋಗಿ ಮಾಡಿದವನ ಮೊತ್ತ 90. ಪ್ರತಿ ಗುಳಿಯಲ್ಲಿಯೂ ಎರಡೆರಡು ಹೆಚ್ಚು ಹೊಡೆದವನದು 108. ಕಲಿಯುವವರೆಲ್ಲರ ಮೊದಲ ಕನಸು ನೂರರ ಒಳಗೆ ಬರುವುದು. ಒಂಬತ್ತು ಗುಳಿಗಳಲ್ಲಿ ಒಂದೊಂದು, ಉಳಿದ ಒಂಬತ್ತರಲ್ಲಿ ಎರಡೆರಡು ಹೆಚ್ಚಾದರೂ ಮೊತ್ತ 99 ಮಾತ್ರ. ಎಂದರೆ, ಇಡೀ ಬೆಳಗಿನಲ್ಲಿ ಒಂದು ಪಾರ್ ಕೂಡ ಮಾಡದೆ ನೂರರ ಒಳಗೆ ಬರಬಹುದು! ಈ ಸರಳವಾದ ಕೂಡುಲೆಕ್ಕವನ್ನು ಅರಿತವನ ಭುಜ ಎಷ್ಟು ಸಡಿಲವಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀರಿನ ಆಚೆಗೆ ಒಂದೇ ಏಟಿಗೆ ಹಾರಿಸಬೇಕೆಂಬ ಸಾಹಸ ಬಿಟ್ಟು, ಈಚೆಗೇ ಮೆಲ್ಲನೆ ಇಟ್ಟು, ಮುಂದಿನ ಏಟಿಗೆ ದಾಟಿಸುತ್ತಾನೆ. 108ರಿಂದ 99ಕ್ಕೆ ಇಳಿಯುವವರಲ್ಲಿ ಬಹುಮಂದಿ ಇಳಿಯುವುದು ಹೀಗೆ, ಹೊಸ ಹೊಡೆತವನ್ನು ಕಲಿತು ಅಲ್ಲ.

ಹಾಗಾದರೆ ಪಾರ್ ಯಾರಿಗೆ? ಅಟ್ಲಾಂಟಾದ ಬಾಬಿ ಜೋನ್ಸ್‌ನಂಥವರಿಗೆ. ಅವನು ಕಸುಬಿನಲ್ಲಿ ವಕೀಲ. ಸ್ಪರ್ಧೆಗಳಲ್ಲಿ ಆಡಿದಷ್ಟು ಕಾಲವೂ ಹವ್ಯಾಸಿಯಾಗಿಯೇ ಆಡಿದ. 1921ರಲ್ಲಿ, 19ನೆಯ ವಯಸ್ಸಿನಲ್ಲಿ, ಸೇಂಟ್ ಆಂಡ್ರೂಸಿನ 11ನೆಯ ಗುಳಿಯ ಬಳಿ ಚೆಂಡು ಮರಳುಹೊಂಡಕ್ಕೆ ಬಿದ್ದ ಮೇಲೆ ಸಿಟ್ಟಿನಿಂದ ಸ್ಪರ್ಧೆಯನ್ನೇ ಕೈಬಿಟ್ಟವನು, 1930ರಲ್ಲಿ ಬ್ರಿಟನ್ ಮತ್ತು ಅಮೆರಿಕದ ನಾಲ್ಕು ಪ್ರಧಾನ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದು, 28ಕ್ಕೇ ಸ್ಪರ್ಧೆಗಳಿಂದ ನಿವೃತ್ತನಾದ. ಪಕ್ಕದಲ್ಲಿರುವ ಎದುರಾಳಿಯನ್ನು ಮರೆತು ಪಾರ್ ಎಂಬ ಕಾಣದ ಮುದುಕನ ವಿರುದ್ಧ ಆಡುವುದನ್ನು ಕಲಿತದ್ದೇ ತನ್ನನ್ನು ಬದಲಿಸಿತೆಂದು ಅವನು ನಂಬಿದ್ದ. ಆ ಮುದುಕನೊಡನೆ ಸರಿಸಮನಾಗಿ ಹೆಜ್ಜೆ ಹಾಕುವ ಶಕ್ತಿ ಅವನಿಗಿತ್ತು. ನಮಗೆ ಕರ್ನಲ್ಲೇ ಸಾಕು. ಆರಂಭದಲ್ಲಿ ಅವನೂ ತುಸು ಹೆಚ್ಚೇ.

ವೃತ್ತಿಗಾರರ ಆಟವನ್ನು ದೂರದರ್ಶನದಲ್ಲಿ ನೋಡಿ ಗುರಿ ಹಾಕಿಕೊಳ್ಳುವುದರಲ್ಲಿ ಇನ್ನೊಂದು ಮೋಸವಿದೆ. ಅಲ್ಲಿ ನಮಗೆ ಕಾಣಿಸುವುದು ಅಂದು ಗೆಲ್ಲುತ್ತಿರುವವರ ಹೊಡೆತಗಳು ಮಾತ್ರ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ದಾಖಲೆಯನ್ನು ಲೆಕ್ಕಹಾಕಿ 2014ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದರಂತೆ, ಅಮೆರಿಕದ ವೃತ್ತಿಪಂದ್ಯಗಳ ನಿಪುಣರು ಕೂಡ ಗುಳಿಯಿಂದ 8 ಅಡಿ ದೂರದಲ್ಲಿರುವ ಚೆಂಡನ್ನು ಒಂದೇ ತಟ್ಟಿಗೆ ಒಳಗೆ ಹಾಕುವುದು ಎರಡರಲ್ಲಿ ಒಂದು ಸಲ. ಎಂಟಡಿಯೆಂದರೆ ನಮ್ಮ ಮನೆಯ ನಡುಮನೆಯ ಅಗಲ. ಅದು ತಪ್ಪಿತೆಂದು ಹಣೆ ಚಚ್ಚಿಕೊಳ್ಳುವ ಹವ್ಯಾಸಿಗೆ ಈ ಸಂಗತಿ ಗೊತ್ತಿರಬೇಕು. ಅವರು ತೋರಿಸಿದ ಇನ್ನೊಂದು ಅಂಶವೂ ಕುತೂಹಲಕರ. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹುಟ್ಟುವುದು ಗುಳಿಗೆ ನೂರು ಗಜದಿಂದ ಆಚೆಗಿನ ಹೊಡೆತಗಳಲ್ಲಿ. ಆಟವೆಲ್ಲ ಗುಳಿಯ ಬಳಿಯ ತಟ್ಟುವಿಕೆಯಲ್ಲಿದೆ ಎಂದು ಪರಂಪರೆಯಾಗಿ ಹೇಳಿಕೊಂಡು ಬಂದ ಮಾತು ಅರ್ಧಸತ್ಯ. ಆದುದರಿಂದ ತಟ್ಟುವುದನ್ನು ಮಾತ್ರ ಅಭ್ಯಾಸ ಮಾಡಿ ಹತ್ತು ಹೊಡೆತ ಇಳಿಸುತ್ತೇನೆಂಬುದೂ ಹಗಲುಗನಸೇ.

ನಮ್ಮ ಪ್ರಗತಿಯನ್ನು ಅಳೆಯಲು ಹ್ಯಾಂಡಿಕ್ಯಾಪ್ ಎಂಬ ಪದ್ಧತಿಯುಂಟು. 2020ರಿಂದ ಜಗತ್ತಿನ ಬಹುಪಾಲು ದೇಶಗಳು ಒಂದೇ ಸೂತ್ರವನ್ನು ಒಪ್ಪಿವೆ: ಆಟಗಾರನ ಈಚಿನ 20 ಆಟಗಳಲ್ಲಿ ಅತ್ಯುತ್ತಮವಾದ 8ನ್ನು ಆಯ್ದು ಸರಾಸರಿ ತೆಗೆಯುತ್ತಾರೆ, ಆರಂಭದವರಿಗೆ 54ರವರೆಗೂ ರಿಯಾಯಿತಿ. ಹನ್ನೆರಡು ಕೆಟ್ಟ ದಿನಗಳನ್ನು ಮರೆತುಬಿಡುವ ಈ ಉದಾರತೆಗೆ ತಕ್ಕ ತೆರಿಗೆಯೂ ಇದೆ. ಈ ಅಂಕಿ ನಮ್ಮ ಸಾಧಾರಣ ಆಟವನ್ನು ಹೇಳದೆ ಒಳ್ಳೆಯ ದಿನದ ಆಟವನ್ನು ಹೇಳುತ್ತದೆ. ಅದಕ್ಕೆ ಸಮನಾಗಿ ಆಡಲಾಗುವುದು ನಾಲ್ಕೈದು ಸಲಕ್ಕೊಮ್ಮೆ. ಇದನ್ನು ತಿಳಿಯದವರು ಪ್ರತಿ ಭಾನುವಾರವೂ ತಾವು ಕೆಳಗಿಳಿಯುತ್ತಿದ್ದೇವೆಂದು ಕೊರಗುತ್ತಾರೆ. ವಾರಕ್ಕೊಂದು ಆಟ ಆಡುವವನಿಗೆ 20 ಆಟ ಆಗಲು ಐದು ತಿಂಗಳು ಬೇಕು. ಅಷ್ಟಕ್ಕಿಂತ ಕಡಮೆ ಅವಧಿಯಲ್ಲಿ ಏರಿತೆ ಇಳಿಯಿತೆ ಎಂದು ನೋಡುವುದು, ಬೀಜ ಬಿತ್ತಿದ ಮರುದಿನ ಮಣ್ಣು ಕೆದಕಿ ನೋಡಿದಂತೆ.

ಮೊತ್ತ ನಮ್ಮ ಕೈಯಲ್ಲಿಲ್ಲ. ಗಾಳಿಗೂ ಹುಲ್ಲಿಗೂ ಅದರಲ್ಲಿ ಪಾಲಿದೆ. ಎಣಿಸಬಹುದಾದ ಸಣ್ಣ ಸಂಗತಿಗಳು ನಮ್ಮ ಕೈಯಲ್ಲಿವೆ. ಒಂದು ಸುತ್ತಿನಲ್ಲಿ ಎಷ್ಟು ಚೆಂಡು ಕಳೆದೆ? ಎಷ್ಟು ಗುಳಿಗಳಲ್ಲಿ ಮೂರು ಸಲ ತಟ್ಟಿದೆ? ಮರಳಿನಿಂದ ಮೊದಲ ಏಟಿಗೇ ಹೊರಬಂದದ್ದು ಎಷ್ಟು ಸಲ? ಐದು ತಿಂಗಳಿಗೆ ಇವುಗಳಲ್ಲಿ ಒಂದನ್ನು ಹಿಡಿದರೆ ಸಾಕು. ಆರಂಭಿಸುವ ಕಟ್ಟೆಯನ್ನು ಆರಿಸಿಕೊಳ್ಳುವುದರಲ್ಲಿಯೂ ಜಂಬ ಕೂಡದು. ತಮ್ಮ ಹೊಡೆತದ ದೂರಕ್ಕೆ ತಕ್ಕಂತೆ ಮುಂದಿನ ಕಟ್ಟೆಗಳಿಂದ ಆಡಿರೆಂದು ಅಮೆರಿಕದ ಗಾಲ್ಫ್ ಸಂಸ್ಥೆಗಳೇ 2011ರಲ್ಲಿ ಪ್ರಚಾರ ನಡೆಸಿದವು. ನಮ್ಮಲ್ಲಿ ಅನೇಕರು ಮರ್ಯಾದೆಗೆ ಅಂಜಿ ಹಿಂದಿನ ಕಟ್ಟೆಯಿಂದಲೇ ಹೊಡೆದು ಪೊದೆ ಹುಡುಕುತ್ತಾರೆ. ವಯಸ್ಸಾದಂತೆ ಹೊಡೆತದ ದೂರ ಕುಗ್ಗುವುದು ದೇಹಧರ್ಮ. 65ರಲ್ಲಿ 24 ಇದ್ದ ಹ್ಯಾಂಡಿಕ್ಯಾಪನ್ನು 70ರಲ್ಲಿಯೂ 24ರಲ್ಲಿಯೇ ಉಳಿಸಿಕೊಂಡವನು ಮುಂದೆ ಹೋಗಿದ್ದಾನೆಂದೇ ನಾನು ಎಣಿಸುತ್ತೇನೆ.

ಒಂದು ಗುಳಿಯಲ್ಲಿ ಹತ್ತು ಹೊಡೆದು ಇಡೀ ಬೆಳಗು ಕೆಟ್ಟಿತೆಂದು ಕೊರಗುವವರಿಗಾಗಿ ಒಬ್ಬ ವೈದ್ಯ ಔಷಧ ಕಂಡುಹಿಡಿದಿದ್ದಾನೆ. ಲಿವರ್‌ಪೂಲಿನ ಹತ್ತಿರದ ವಾಲಸಿಯಲ್ಲಿದ್ದ ಡಾಕ್ಟರ್ ಸ್ಟೇಬಲ್‌ಫರ್ಡ್‌ನಿಗೆ ಕಡಲಗಾಳಿಗೆದುರಾಗಿ ಉದ್ದದ ಗುಳಿಗಳನ್ನು ಮುಟ್ಟುವುದು ಕಷ್ಟವಾಗುತ್ತಿತ್ತು. 1932ರಲ್ಲಿ ಅಲ್ಲಿ ಮೊದಲ ಬಾರಿಗೆ ಅವನ ಪದ್ಧತಿಯಂತೆ ಸ್ಪರ್ಧೆ ನಡೆಯಿತು. ಇಂದು ಅದು ರೂಢಿಯಲ್ಲಿರುವ ಬಗೆ ಹೀಗೆ: ರಿಯಾಯಿತಿ ಕಳೆದು ಪಾರ್ ಆದರೆ 2 ಅಂಕ, ಬೋಗಿ ಆದರೆ 1, ಅದಕ್ಕಿಂತ ಕೆಟ್ಟರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಏನೂ ಇಲ್ಲ. ಅಂಕ ಕೈತಪ್ಪಿತೆಂದು ಕಂಡೊಡನೆ ಚೆಂಡನ್ನು ಜೇಬಿಗೆ ಹಾಕಿಕೊಂಡು ಮುಂದಿನ ಗುಳಿಗೆ ನಡೆಯಬಹುದು. ನಮ್ಮ ಭಾನುವಾರದ ಗುಂಪು ಈ ಲೆಕ್ಕದಲ್ಲಿಯೇ ಆಡುತ್ತದೆ. ಕಳೆದ ತಿಂಗಳು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರು ನಾಲ್ಕು ಸಲ ಚೆಂಡನ್ನು ಜೇಬಿಗೆ ಹಾಕಿಕೊಂಡೂ 31 ಅಂಕ ಗಳಿಸಿ, ಎಲ್ಲರಿಗೂ ಕಾಫಿ ಕೊಡಿಸಿದರು.