ವಯಸ್ಸು ಕಾಣಬಾರದಾ?

ಇವತ್ತಿನ ವಿಷಯ ಕಾಸ್ಮೆಟಿಕ್ ಸರ್ಜರಿ, ಮತ್ತೆ "ವಯಸ್ಸು ಕಾಣಬಾರದು" ಅಂತ ಹೆಣ್ಣುಮಕ್ಕಳ ಮೇಲೆ ಇರೋ ಒತ್ತಡ.

ನಮ್ಮ ಆಫೀಸಿಂದಲೇ ಶುರು ಮಾಡ್ತೀನಿ. ಗಂಡಸರಿಗೆ ಕಿವಿ ಪಕ್ಕ ನಾಲ್ಕು ಬಿಳಿಕೂದಲು ಬಂದ್ರೆ "ಈಗ ಆರ್ಕಿಟೆಕ್ಟ್ ಥರ ಕಾಣ್ತೀರಿ" ಅಂತೀವಿ. ಅದೇ ನಮಗೆ ಬಂದ್ರೆ "ಯಾಕ್ರೀ, ಹುಷಾರಿಲ್ವಾ?" ಹಬ್ಬಕ್ಕೆ ಊರಿಗೆ ಹೋದ್ರೆ ಚಿಕ್ಕಮ್ಮನೂ "ಯಾಕೇ ಇಷ್ಟು ಇಳಿದುಹೋಗಿದೀಯ?" ಅಂತಾರೆ. ಪ್ರೀತಿಯ ಮಾತೇ. ಆದ್ರೆ ವರ್ಷಗಟ್ಟಲೆ ಕೇಳ್ತಾ ಇದ್ರೆ ಕನ್ನಡಿ ಮುಂದೆ ನಿಲ್ಲೋದೂ ಒಂದು ಪರೀಕ್ಷೆ ಆಗುತ್ತೆ.

ಇದರ ಮೇಲೆ ಕ್ಯಾಮೆರಾ. 2020ರಿಂದ ವಿಡಿಯೋ ಕಾಲ್‌ನಲ್ಲಿ ಗಂಟೆಗಟ್ಟಲೆ ನಮ್ಮ ಮುಖ ನಾವೇ ನೋಡ್ತಾ ಕೂತಿದೀವಿ. ಕ್ಯಾಮೆರಾ ಹತ್ತಿರ ಇದ್ದಷ್ಟೂ ಮುಖದ ಅಳತೆ ತಪ್ಪುತ್ತೆ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ರು: 1 ಅಡಿ ದೂರದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೋಗಿಂತ ಸುಮಾರು 30% ಅಗಲ ಕಾಣುತ್ತೆ. ಡಿಸ್‌ಪ್ಲೇ ತಪ್ಪಿದ್ರೆ ನಾವು ಡೇಟಾಬೇಸ್ ತಿದ್ದೋಕೆ ಹೋಗಲ್ಲ. ಮುಖದ ವಿಷಯದಲ್ಲಿ ಮಾತ್ರ ಅದನ್ನೇ ಮಾಡ್ತಿದೀವಿ.

ಬೊಟಾಕ್ಸ್ ತಗೊಳ್ಳಿ. ನರದಿಂದ ಸ್ನಾಯುವಿಗೆ ಹೋಗೋ ಸಂದೇಶವನ್ನ ತಡೆಯೋ ಔಷಧಿ ಅದು. 1989ರಲ್ಲಿ ಮೆಳ್ಳೆಗಣ್ಣಿನಂಥ ತೊಂದರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಹುಬ್ಬಿನ ನಡುವಿನ ಗೆರೆಗೆ ಸಿಕ್ಕಿದ್ದು 2002ರಲ್ಲಿ. ಪರಿಣಾಮ ಇರೋದು ಸುಮಾರು 3-4 ತಿಂಗಳು. ಆಮೇಲೆ ಮತ್ತೆ ಹಾಕಿಸ್ಕೋಬೇಕು. ಅಂದ್ರೆ ಒಂದು ಸಲ ಕೊಳ್ಳೋ ವಸ್ತು ಅಲ್ಲ, ಸಬ್‌ಸ್ಕ್ರಿಪ್ಶನ್.

ಸರ್ಜರಿ ಇನ್ನೂ ದೊಡ್ಡ ಮಾತು. 2022ರ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸೋ ಸರ್ಜರಿ ಆದಮೇಲೆ ತೀರಿಕೊಂಡ್ರು. ಅವರಿಗೆ ಬರೀ 21 ವರ್ಷ. ಚೆನ್ನಾಗಿ ಕಾಣಬೇಕು ಅನ್ನೋ ಒತ್ತಡ ನಲವತ್ತು ದಾಟಿದವರಿಗೆ ಮಾತ್ರ ಇರೋದಲ್ಲ.

ಯಾರೂ ಮಾಡಿಸ್ಕೋಬೇಡಿ ಅಂತ ನಾನು ಹೇಳ್ತಿಲ್ಲ. ಸುಟ್ಟಗಾಯ, ಸೀಳುತುಟಿ ಇದ್ದವರಿಗೆ ಪ್ಲಾಸ್ಟಿಕ್ ಸರ್ಜರಿ ಹೊಸ ಬದುಕು ಕೊಟ್ಟಿದೆ. ಮಾಡಿಸ್ಕೊಳ್ಳೋದೇ ಆದ್ರೆ ಮೊದಲು ಮೂರು ಪ್ರಶ್ನೆ ಕೇಳಿ. ಡಾಕ್ಟರ್ ಓದಿರೋದು ಏನು? ಅನಸ್ತೇಶಿಯಾ ಕೊಡೋರು ಯಾರು? ಹೆಚ್ಚುಕಮ್ಮಿ ಆದ್ರೆ ಐಸಿಯು ಎಲ್ಲಿದೆ? ಆಮೇಲೆ ನಿಮಗೇ ಒಂದು ಪ್ರಶ್ನೆ: ಇದು ನನ್ನ ಆಸೆನಾ, ಬೇರೆಯವರ ಮಾತಾ?

ಉಳಿದವರಿಗೆ ಇರೋದು ಸಣ್ಣ ಕೆಲಸ. ನಾಳೆ ಮೀಟಿಂಗ್‌ನಲ್ಲಿ ನಿಮ್ಮದೇ ಮುಖ ಕಾಣೋ ಕಿಟಕಿ ಮುಚ್ಚಿ. ಸಹೋದ್ಯೋಗಿ ಬಂದಾಗ "ಸುಸ್ತಾಗಿ ಕಾಣ್ತೀರಲ್ಲ" ಅನ್ನೋ ಬದಲು "ಕೆಲಸ ಜಾಸ್ತಿ ಆಯ್ತಾ, ಏನಾದ್ರೂ ಹಂಚಿಕೊಳ್ಳೋಣ್ವಾ?" ಅಂತ ಕೇಳಿ. ಎಷ್ಟೋ ಸಲ ಅವರಿಗೆ ಬೇಕಾಗಿರೋದು ಅದೇ.