ಉದ್ರಿ ಪುಸ್ತಕ ಮತ್ತು ನಮ್ಮ ಸಹಿ
(ಬೈರಿದೇವರಕೊಪ್ಪದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಶಾಂತಿ ಇರಲಿ.

ಪ್ರೀತಿಯ ಸಹೋದರರೇ, ಜನಾಝಾ ನಮಾಝಿಗೆ ಮುಂಚೆ ನಾವು ಒಂದು ಮಾತು ಕೇಳುತ್ತೇವೆ: ಮೃತರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ಮನೆಯವರಿಗೆ ತಿಳಿಸಿ. ಇದು ಬರೀ ವಾಡಿಕೆಯಲ್ಲ. ಸಾಲ ಉಳಿಸಿ ತೀರಿಕೊಂಡವರೊಬ್ಬರ ಜನಾಝಾ ಬಂದಾಗ ಪ್ರವಾದಿ(ಸ)ರು ತಾವು ನಿಲ್ಲದೆ, ನೀವೇ ನಮಾಝ್ ಮಾಡಿ ಎಂದು ಸಂಗಾತಿಗಳಿಗೆ ಹೇಳಿದರು. ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝಿಗೆ ನಿಂತರು. ಇದು ಸಹೀಹ್ ಬುಖಾರಿಯಲ್ಲಿದೆ.

ಅಬೂ ಕತಾದಾ(ರ) ಹೊತ್ತದ್ದು ಜಾಮೀನನ್ನು. ಇಂದು ನಾವು ಆ ಜಾಮೀನನ್ನು ಎಷ್ಟು ಹಗುರವಾಗಿ ಕಾಣುತ್ತೇವೆ!

ನಮ್ಮವರೇ ಆದ ಒಬ್ಬ ಹಣ್ಣಿನ ವ್ಯಾಪಾರಿ. ಎಂದೂ ಸಾಲ ಮಾಡಿದವರಲ್ಲ. ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬೇರೆ ದಾರಿ ಕಾಣದೆ ಬ್ಯಾಂಕಿಗೆ ಹೋದರೆ, ನಿಮ್ಮ ಹೆಸರಿನಲ್ಲಿ ಬಾಕಿ ಇದೆ ಎಂದರು. ವರ್ಷಗಳ ಹಿಂದೆ ಗೆಳೆಯನ ಗಾಡಿ ಸಾಲಕ್ಕೆ ಹಾಕಿದ ಸಹಿ ಅದು. ಗೆಳೆಯ ಕಂತು ನಿಲ್ಲಿಸಿದ್ದ, ಒಂದು ಮಾತೂ ಹೇಳಿರಲಿಲ್ಲ. ಕೊನೆಯ ದಿನದವರೆಗೂ ಆ ತಂದೆ ಅಲೆದರು. ಕೆಲವರು ಸೇರಿ ಕರ್ಜೆ ಹಸನ ಕೊಟ್ಟ ಮೇಲೆ ಹುಡುಗಿ ಕಾಲೇಜು ಸೇರಿದಳು. ಆ ಹಣವನ್ನೂ ಬರೆದಿಟ್ಟಿದ್ದೇವೆ, ಸಾಕ್ಷಿಗಳ ಸಹಿಯೂ ಇದೆ. ಕುರ್‌ಆನಿನ ಅತಿ ದೀರ್ಘ ಆಯತ್, ಅಲ್ ಬಕರದ 282, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆಯಲ್ಲವೇ?

ಓಣಿಯ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತದೆ. ಹೇಳಿದ ದಿನ ಕೊಟ್ಟವನಿಗೆ ಅಂಗಡಿಯವರು ಮತ್ತೆ ಕೊಡುತ್ತಾರೆ. ಈಗ ಅಂಥದ್ದೇ ಪುಸ್ತಕ ದೇಶಕ್ಕೆಲ್ಲ ಇದೆ. 2005ರ ಕಾಯ್ದೆಯಡಿ ನಾಲ್ಕು ಸಂಸ್ಥೆಗಳು ಈ ಲೆಕ್ಕ ಇಡುತ್ತವೆ. ಸಿಬಿಲ್ ಅವುಗಳಲ್ಲೊಂದು. 300ರಿಂದ 900ರವರೆಗೆ ಅಂಕ ಕೊಡುತ್ತಾರೆ. ಮೊಬೈಲ್ ಕಂತು, ತಾಯಂದಿರು ಪಡೆಯುವ ಗುಂಪು ಸಾಲ, ಜಾಮೀನು ಎಲ್ಲವೂ ಅಲ್ಲಿ ಸೇರುತ್ತವೆ.

ಸಾಲ ಮಾಡಿ ಎಂದು ನಾವು ಹೇಳುತ್ತಿಲ್ಲ. ಬಡ್ಡಿ ನಿಷಿದ್ಧ, ಅದರಲ್ಲಿ ಸಂದೇಹವಿಲ್ಲ. ಅನಿವಾರ್ಯ ಎನಿಸಿದಾಗ ಮೊದಲು ಆಲಿಮರನ್ನು ಕೇಳೋಣ. ಆದರೆ ಈಗಾಗಲೇ ಕೊಟ್ಟ ಮಾತನ್ನು, ಹಾಕಿದ ಸಹಿಯನ್ನು ಉಳಿಸಿಕೊಳ್ಳುವುದು ನಮ್ಮ ಹೊಣೆ.

ಅದಕ್ಕಾಗಿ ಕೆಲವು ಕೆಲಸಗಳನ್ನು ಮಾಡೋಣ. ವರ್ಷಕ್ಕೊಮ್ಮೆ ಪ್ರತಿ ಸಂಸ್ಥೆಯೂ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ತೆಗೆದು ನೋಡೋಣ. ನಮ್ಮ ವರದಿ ನಾವು ನೋಡಿದರೆ ಅಂಕ ಇಳಿಯುವುದಿಲ್ಲ. ನಾವು ಮಾಡದ ಸಾಲ ನಮ್ಮ ಪ್ಯಾನ್ ಸಂಖ್ಯೆಯ ಮೇಲೆ ಕಂಡರೆ ದೂರು ಕೊಡೋಣ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಅರ್ಧಕ್ಕೆ ಮುಗಿಸಿಕೊಳ್ಳಿ ಎಂದು ಏಜೆಂಟರು ಹೇಳಿದಾಗ ಎಚ್ಚರವಿರಲಿ: ಹಾಗೆ ಮುಗಿದ ಸಾಲ 'ಸೆಟಲ್ಡ್' ಎಂದು ದಾಖಲಾಗುತ್ತದೆ, ಪೂರ್ತಿ ತೀರಿದ್ದು 'ಕ್ಲೋಸ್ಡ್' ಎಂದು. ತೀರಿಸಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ಪಡೆದು ಜೋಪಾನ ಮಾಡೋಣ. ಜಾಮೀನು ಹಾಕುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ಅವನು ಕಟ್ಟದಿದ್ದರೆ ನಾನು ಕಟ್ಟಬಲ್ಲೆನೇ?

ಶಕ್ತಿ ಇದ್ದೂ ಸಾಲ ತೀರಿಸಲು ಸತಾಯಿಸುವುದು ಅನ್ಯಾಯ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಿ ಎಂಬುದು ಕುರ್‌ಆನಿನ ಆದೇಶ. ಕಂತು ತಪ್ಪುವಂತಿದ್ದರೆ ಫೋನ್ ಬಂದ್ ಮಾಡಿ ಕೂರದೆ, ಮುಂಚೆಯೇ ಹೋಗಿ ಹೇಳೋಣ. ನಮಗೆ ಕೊಡಬೇಕಾದವನು ಬಂದು ಹೇಳಿದರೆ ಕೇಳಿಸಿಕೊಳ್ಳೋಣ.

ಅಂಕ ಕಡಿಮೆ ಇರುವವರೆಲ್ಲ ಕೆಟ್ಟವರಲ್ಲ. ಕಾಯಿಲೆಯೋ ಕೆಲಸ ಹೋದದ್ದೋ ಕಾರಣವಿರಬಹುದು. ಆ ಸಂಕಟ ಸಿಬಿಲ್‌ನ ಪುಸ್ತಕದಲ್ಲಿ ಕಾಣುವುದಿಲ್ಲ. ಅಲ್ಲಾಹನ ಬಳಿ ಇರುವ ಪುಸ್ತಕದಲ್ಲಿ ಎಲ್ಲವೂ ಇದೆ.

ಅಲ್ಲಾಹನು ನಮ್ಮನ್ನು ಸಾಲದ ಭಾರದಿಂದ ಕಾಪಾಡಲಿ, ಕೊಟ್ಟ ಮಾತು ಉಳಿಸಿಕೊಳ್ಳುವವರ ಸಾಲಿನಲ್ಲಿ ಸೇರಿಸಲಿ. ಆಮೀನ್.