ಹೂವಿನ ಮೇಲೋ, ಹೂವಿನ ಕೆಳಗೋ?



ಒಂದು ಬದನೆಕಾಯಿ, ಒಂದು ಸೀಬೆಕಾಯಿ ತೆಗೆದುಕೊಳ್ಳಿ. ಬದನೆಯ ಹಸಿರು ಟೋಪಿ ತೊಟ್ಟಿನ ಬಳಿಯೇ ಇದೆ. ಸೀಬೆಯಲ್ಲಿ ಒಣಗಿದ ಪುಟ್ಟ ಕಿರೀಟವೊಂದು ತೊಟ್ಟಿನ ಎದುರು ತುದಿಯಲ್ಲಿದೆ. ಎರಡೂ ಹೂವಿನ ಪುಷ್ಪಪತ್ರಗಳೇ. ಹಾಗಾದರೆ ಒಂದು ಕಡೆ ಬುಡದಲ್ಲಿ, ಇನ್ನೊಂದು ಕಡೆ ತುದಿಯಲ್ಲಿ ಉಳಿದದ್ದೇಕೆ?

ಇದಕ್ಕೆ ಉತ್ತರ, ಹೂವಿನಲ್ಲಿ ಅಂಡಾಶಯ ಇದ್ದ ಸ್ಥಾನ. ಬದನೆ ಹೂವಿನಲ್ಲಿ ಪುಷ್ಪಪತ್ರ, ದಳ, ಕೇಸರಗಳೆಲ್ಲ ಅಂಡಾಶಯದ ಬುಡದಿಂದ ಹೊರಡುತ್ತವೆ. ಅಂಡಾಶಯ ಅವುಗಳಿಗಿಂತ ಮೇಲಿದೆ. ಇದು ಉಚ್ಚ ಅಂಡಾಶಯ. ದಾಸವಾಳ, ಸಾಸಿವೆ, ಟೊಮೇಟೊ ಇದೇ ಬಗೆಯವು. ಸೀಬೆ ಹೂವಿನಲ್ಲಾದರೋ ಅಂಡಾಶಯವು ಸುತ್ತಲಿನ ಅಂಗಾಂಶದೊಡನೆ ಬೆಸೆದುಕೊಂಡು ಕೆಳಗೆ ಹುದುಗಿದೆ. ಉಳಿದ ಭಾಗಗಳು ಅದರ ನೆತ್ತಿಯಿಂದ ಹೊರಡುತ್ತವೆ. ಇದು ನೀಚ ಅಂಡಾಶಯ. ಇಲ್ಲಿ ನೀಚ ಎಂದರೆ ಕೆಳಗಿನದು ಎಂದಷ್ಟೇ ಅರ್ಥ. ಬಾಳೆ, ಸೌತೆ, ಕುಂಬಳ ಈ ಗುಂಪಿನವು.

ಹೀಗೆ ಬೆಸೆದುಕೊಂಡ ಅಂಗಾಂಶವೂ ಹಣ್ಣಿನ ಭಾಗವಾಗಬಹುದು. ಸೇಬಿನಲ್ಲಿ ನಾವು ಸವಿಯುವ ತಿರುಳಿನ ಬಹುಪಾಲು ಅಂಡಾಶಯದ್ದಲ್ಲ, ಅದನ್ನು ಆವರಿಸಿದ ಅಂಗಾಂಶದ್ದು. ನಿಜವಾದ ಅಂಡಾಶಯದಿಂದ ಬಂದದ್ದು ಬೀಜಗಳಿರುವ, ನಾವು ಎಸೆಯುವ ನಡುಭಾಗ! ಆದ್ದರಿಂದಲೇ ಸೇಬನ್ನು ಮಿಥ್ಯಾಫಲ ಎನ್ನುತ್ತಾರೆ.

ಈಗ ಹಿತ್ತಲಿನ ಕುಂಬಳದ ಬಳ್ಳಿಗೆ ಬರೋಣ. ಹೀಚಿಗೆ ಬೆರಳು ತೋರಿಸಿದರೆ ಕೊಳೆತು ಹೋಗುತ್ತದೆಂದು ಹಿರಿಯರು ಗದರುವುದುಂಟು. ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಅಂಡಾಶಯ ದಳಗಳ ಕೆಳಗಿರುವುದರಿಂದ, ಹೂ ಅರಳುವ ಮೊದಲೇ ಅದು ಪುಟ್ಟ ಕಾಯಿಯಂತೆ ಕಣ್ಣಿಗೆ ಬೀಳುತ್ತದೆ. ಕಾಯಿ ಕಚ್ಚಿತೆಂದು ನಾವು ಹಿಗ್ಗುತ್ತೇವೆ. ಆದರೆ ಅದಿನ್ನೂ ಅಂಡಾಶಯ ಮಾತ್ರ! ಪರಾಗ ಸಿಗದಿದ್ದರೆ ಹಳದಿಯಾಗಿ ಉದುರುತ್ತದೆ. ಬದನೆಯಲ್ಲೂ ಹೀಗೆ ಹೂ ಉದುರುವುದುಂಟು. ಅಲ್ಲಿ ಅಂಡಾಶಯ ಹೂವಿನೊಳಗೇ ಅಡಗಿರುವುದರಿಂದ ಯಾರೂ ಬೆರಳನ್ನು ದೂರುವುದಿಲ್ಲ.

ಕುಂಬಳದ ಹೂ ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಜೇನುನೊಣ ಬರಬೇಕಾದದ್ದು ಅಷ್ಟರೊಳಗೇ. ಆ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಿದರೆ ಕಾಯಿಯ ಬಂಧುವನ್ನೇ ಕೊಂದಂತೆ. ನೊಣ ಕಾಣದಿದ್ದರೆ, ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೃದುವಾಗಿ ಸವರಿ. ಕೆಲವು ದಿನಗಳಲ್ಲಿ ಹೀಚು ಉಬ್ಬತೊಡಗಿದರೆ ಮನೆಯವರನ್ನು ಕರೆದು ತೋರಿಸಿ, ಬೆರಳಿನಿಂದಲೇ ತೋರಿಸಿ.